ಆಪತ್ತೂ ಹಕ್ಕುಪತ್ರವೂ

ಕನ್ನಂಬಾಡಿಯ ಕಟ್ಟೆ ತುಂಬಿತೆಂಬ ವಾರ್ತೆ ಬಂದೊಡನೆ ಶ್ರೀರಂಗಪಟ್ಟಣ ಪಾಂಡವಪುರಗಳ ಬಯಲಿನಲ್ಲಿ ಹರ್ಷವುಂಟಾಗುವುದು ಸಹಜವೇ. ನೀರು 124.80 ಅಡಿಯ ಗೆರೆಯನ್ನು ಮುಟ್ಟಿತೆಂದರೆ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಬತ್ತಕ್ಕೂ ಕಬ್ಬಿಗೂ ಒಂದು ವರ್ಷದ ಅಭಯ ದೊರೆತಂತೆ. ಆದರೆ ಆ ನೀರು ಮೊದಲು ಬಿದ್ದದ್ದೆಲ್ಲಿ, ಯಾರ ಸೂರಿನ ಮೇಲೆ ಎಂಬ ವಿಚಾರವು ನಮ್ಮ ಮಾತಿನಲ್ಲಿ ಬರುವುದು ವಿರಳ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ಸಿಗೆ ಮೀರಿದ ಪ್ರವಾಹವನ್ನು ಬಿಟ್ಟಾಗ ರಂಗನತಿಟ್ಟಿನ ದ್ವೀಪಗಳು ಮುಳುಗಿದುದನ್ನು ನಾವು ಕಂಡೆವು. ಅದೇ ದಿನಗಳಲ್ಲಿ, ಅದೇ ನದಿ, ಮೇಲೆ ಕೊಡಗಿನ ಕರಡಿಗೋಡು, ನೆಲ್ಲಿಹುದಿಕೇರಿಗಳ ದಂಡೆಯಲ್ಲಿ ಕೂಲಿಕಾರರ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಹಿಂದಿನ ವರ್ಷ ಆ ಸೀಮೆಯಲ್ಲಿ ಬೆಟ್ಟಗಳೇ ಕುಸಿದಿದ್ದವು.

ಇಂಥ ಸಂದರ್ಭದಲ್ಲಿ ಸರ್ಕಾರವು ಕೈಗೊಳ್ಳಬೇಕಾದ ವ್ಯವಸ್ಥೆಗೆ ಕಾನೂನಿನ ಆಧಾರವಿದೆ. 2005ರ ವಿಪತ್ತು ನಿರ್ವಹಣಾ ಶಾಸನವಿದೆ. ಅದರ ಮೇರೆಗೆ ರಾಜ್ಯದ ನಿಧಿಯೂ ಇದೆ. ಅದಕ್ಕೆ ನಮ್ಮಂಥ ರಾಜ್ಯಗಳಲ್ಲಿ ನೂರಕ್ಕೆ 75 ಪಾಲನ್ನು ಕೇಂದ್ರವೂ 25 ಪಾಲನ್ನು ರಾಜ್ಯವೂ ಹಾಕತಕ್ಕದ್ದೆಂದು ನಿಯಮವಾಗಿದೆ. ಆ ನಿಧಿಯ ಹಣವನ್ನು ಹಂಚುವ ನಿಬಂಧನೆಗಳಲ್ಲಿ ಒಂದು ಸಣ್ಣ ಮಾತುಂಟು: ಬಿದ್ದ ಮನೆಯು ಅಧಿಕೃತವಾಗಿ ಕಟ್ಟಿದ್ದೆಂದು ಅಧಿಕಾರಿಯಿಂದ ದೃಢಪಟ್ಟಿರಬೇಕು. ಈ ಲೇಖನಕ್ಕೆ ಕಾರಣವಾದದ್ದು ಆ ಮಾತೇ.

ಜೇನುಕುರುಬರನ್ನು ತೆಗೆದುಕೊಳ್ಳೋಣ. 2011ರ ಜನಗಣತಿಯಲ್ಲಿ ಅವರು ಸುಮಾರು 36 ಸಾವಿರ ಮಂದಿ. ನಾಗರಹೊಳೆಯ ಕಾಡು ರಕ್ಷಿತಾರಣ್ಯವಾಗುತ್ತ ಬಂದಂತೆ ಅನೇಕ ಹಾಡಿಗಳವರು ಹೊರಗೆ ಬಂದರು. ಬಂದವರಲ್ಲಿ ಬಹುಮಂದಿ ತೋಟಗಳ ಸಾಲುಮನೆಗಳಲ್ಲಿಯೂ ಕಾಡಂಚಿನ ಗುಡಿಸಲುಗಳಲ್ಲಿಯೂ ನೆಲೆಸಿದರು. 2016ರ ಡಿಸೆಂಬರಿನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಇಂಥ ನೂರಾರು ಗುಡಿಸಲುಗಳನ್ನು ಕಿತ್ತುಹಾಕಿದ್ದು ನಾಡೆಲ್ಲ ಬಲ್ಲ ಸಂಗತಿ. ಅರಣ್ಯವಾಸಿಗಳ ಹಕ್ಕನ್ನು ಒಪ್ಪಿಕೊಳ್ಳುವ ಶಾಸನವು 2006ರಲ್ಲಿಯೇ ಆಗಿದೆ. ಆದರೂ ಹಕ್ಕುಪತ್ರ ಕೈಗೆ ಬಾರದ ಕುಟುಂಬಗಳು ಇವೆ. ಇಂಥವನ ಗುಡಿಸಲು ಮಳೆಗೆ ಬಿದ್ದಾಗ, ಕಾಗದವಿಲ್ಲದ ಮನೆಯು ಮನೆಯಲ್ಲವೆಂದು ಲೆಕ್ಕವು ಹೇಳುತ್ತದೆ. ಕಾಗದ ಕೊಡಬೇಕಾಗಿದ್ದವನಾರು? ಸರ್ಕಾರ. ಕಾಗದ ಕೇಳುವವನಾರು? ಅದೂ ಸರ್ಕಾರ. ತನ್ನ ಲೋಪದಿಂದ ತಾನೇ ಲಾಭ ಪಡೆಯಬಾರದೆಂಬುದು ಊರ ಪಂಚಾಯತಿಯ ಕಟ್ಟೆಯ ಮೇಲೂ ಒಪ್ಪುವ ನ್ಯಾಯ.

ಇದಕ್ಕೊಂದು ಆಕ್ಷೇಪಣೆಯುಂಟು; ಅದನ್ನು ಹಗುರವಾಗಿ ಕಾಣಲಾಗದು. ಅತಿಕ್ರಮಣಕ್ಕೆ ಪರಿಹಾರ ಕೊಟ್ಟರೆ ಅತಿಕ್ರಮಣವೇ ಹೆಚ್ಚುವುದು, ಹೊಳೆಯ ಪಾತ್ರದಲ್ಲಿ ಮನೆ ಕಟ್ಟಿ ಸಾಯಲು ನಾವೇ ಕರೆದಂತಾಗುವುದು ಎನ್ನುತ್ತಾರೆ. 2019ರಲ್ಲಿ ರಾಜ್ಯವು ಪೂರ್ತಿ ನಾಶವಾದ ಮನೆಗೆ ಐದು ಲಕ್ಷ ರೂಪಾಯಿಗಳನ್ನು ಘೋಷಿಸಿತು. ಕೇಂದ್ರದ ನಿಬಂಧನೆಯ ಮೊತ್ತವಾದರೋ ಆಗ 95,100 ರೂಪಾಯಿ. ಅಷ್ಟು ಹಣದ ಪ್ರಶ್ನೆ ಬಂದಾಗ ದಾಖಲೆ ಕೇಳುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಮನೆಯ ಬೆಲೆ ಬೇರೆ, ಮನುಷ್ಯನ ರಕ್ಷಣೆ ಬೇರೆ. ಮೊದಲನೆಯದು ಸ್ವತ್ತಿನ ವ್ಯವಹಾರ, ಅಲ್ಲಿ ಒಡೆತನವನ್ನು ವಿಚಾರಿಸಲಿ. ದೋಣಿ, ಅನ್ನ, ಔಷಧ, ಮುನ್ನೆಚ್ಚರಿಕೆ, ತಲೆಯ ಮೇಲೊಂದು ಮರೆ, ಇವು ಪ್ರಾಣದ ವ್ಯವಹಾರ. 2023ರ ಏಪ್ರಿಲಿನಲ್ಲಿ ಸೂಡಾನಿನ ಅಂತರ್ಯುದ್ಧದ ನಡುವೆ ಸಿಕ್ಕಿಬಿದ್ದ ನಮ್ಮ ಹಕ್ಕಿಪಿಕ್ಕಿ ಜನರನ್ನು ಭಾರತ ಸರ್ಕಾರವು ಕರೆತಂದಿತಷ್ಟೆ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಕಾವೇರಿ. ಊರಿನಲ್ಲಿ ನಿಮಗೆ ನಿವೇಶನದ ಪತ್ರವುಂಟೋ ಎಂದು ಅವರನ್ನು ಯಾರೂ ವಿಚಾರಿಸಲಿಲ್ಲ. ಕಡಲಾಚೆಯ ಗಿರಿಜನನಿಗೆ ಸಂದ ನ್ಯಾಯವು ಕಾವೇರಿಯ ದಂಡೆಯವನಿಗೆ ಏಕೆ ಸಲ್ಲಬಾರದು?

ಇನ್ನು ಹಣದ ಪಾಲಿನ ಮಾತು. 2013ರ ಶಾಸನದಂತೆ ಆಯವ್ಯಯದಲ್ಲಿ ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಯ ಅನುಪಾತದಲ್ಲಿ ಪಾಲನ್ನು ಮೀಸಲಿಡಬೇಕು. ರಾಜ್ಯದಲ್ಲಿ ಪಂಗಡದವರು ನೂರಕ್ಕೆ 6.95, ನಮ್ಮ ಮಂಡ್ಯ ಜಿಲ್ಲೆಯಲ್ಲಿ ಒಂದಕ್ಕೆ ಕೊಂಚ ಮೇಲೆ. ಶಾಲೆಗೂ ವಸತಿನಿಲಯಕ್ಕೂ ತಲೆಯೆಣಿಕೆಯ ಅಳತೆ ಸಾಕಾದೀತು. ಆಪತ್ತಿಗೆ ಅದು ಸಾಲದು. ಬೆಟ್ಟ ಕುಸಿಯುವಾಗ ತಲೆ ಎಣಿಸಿ ಕುಸಿಯುವುದಿಲ್ಲ. ಹತ್ತು ಗುಡಿಸಲುಗಳ ಹಾಡಿಗೆ ದಾರಿ ಕಡಿದುಹೋದಾಗ ಅಲ್ಲಿಗೆ ತಲಪುವ ವೆಚ್ಚವು ಸಾವಿರ ಮನೆಯ ಊರಿನ ವೆಚ್ಚಕ್ಕಿಂತ ತಲೆಗೆ ಹತ್ತುಪಟ್ಟು ಬೀಳಬಹುದು. ಹಾಗೆ ಬೀಳುವುದರಿಂದಲೇ ಅದನ್ನು ರಾಜ್ಯ ಹೊರಬೇಕು.

ಈ ವಾದವು ನಾಗಮಂಗಲ, ಕೃಷ್ಣರಾಜಪೇಟೆಗಳ ಒಣಭೂಮಿಯವರಿಗೆ ಹೊಸದಲ್ಲ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಕರ್ನಾಟಕವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿ, ಬಾರದಿರಲು 2024ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. ಆಮೇಲೆ ಬಿಡುಗಡೆಯಾದದ್ದು ಸುಮಾರು 3,400 ಕೋಟಿ. ಪರಿಹಾರವು ದಾನವಲ್ಲ, ಪ್ರಜೆಗಳ ಹಕ್ಕು ಎಂಬುದೇ ರಾಜ್ಯದ ನಿಲುವಾಗಿತ್ತು. ಸರಿಯಾದ ನಿಲುವೇ. ಆದರೆ ಮೇಲಿನವರ ಮುಂದೆ ಸಂಕಟದ ಅಳತೆಯನ್ನೂ ಕೆಳಗಿನವರ ಮುಂದೆ ಕಾಗದದ ಅಳತೆಯನ್ನೂ ಹಿಡಿಯುವ ಸರ್ಕಾರಕ್ಕೆ ಎರಡು ಬಳ್ಳಗಳಿವೆಯೆಂದಾಯಿತು. ಪಹಣಿಯಲ್ಲಿ ಹೆಸರಿಲ್ಲದೆ ವಾರಕ್ಕೆ ಉಳುವ ಬಡವನು ಬರಪರಿಹಾರದ ದಿನ ಕೈಚೆಲ್ಲಿ ಕೂರುವುದನ್ನು ಕಂಡ ನಮ್ಮವರಿಗೆ ಹಾಡಿಯವನ ಅವಸ್ಥೆ ತಿಳಿಯದ್ದೇನಲ್ಲ.

1876ರಿಂದ 78ರ ವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಅನುಭವಿಸಿದ್ದನ್ನು ಗಣತಿಯೇ ಸಾರುತ್ತದೆ: 1871ರಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಮೆ. ಕ್ಷಾಮ ಕಳೆದ ಮೇಲೆ ನೇಮಕವಾದ ಆಯೋಗದ ವರದಿಯಿಂದ ಕ್ಷಾಮಸಂಹಿತೆಗಳು ಹುಟ್ಟಿದವು. ಹಸಿದವನಿಗೆ ಕೆಲಸ, ಕೆಲಸ ಮಾಡಲಾರದವನಿಗೆ ಅನ್ನ ಎಂಬುದು ಅವುಗಳ ತಿರುಳು. ಪರಕೀಯರ ಆ ಬಿಗಿ ನಿಯಮಗಳಲ್ಲಿ ಕರುಣೆ ಕಡಮೆಯೇ. ಆದರೂ ಕೂಲಿಗೆ ಬಂದವನ ಹೊಟ್ಟೆಯನ್ನು ನೋಡಿದರೇ ಹೊರತು ಅವನ ಗುಡಿಸಲಿನ ದಸ್ತೈವಜನ್ನು ನೋಡಲಿಲ್ಲ.

ಹಣವನ್ನು ಯಾರ ಕೈಗೆ ಕೊಡಬೇಕೆಂಬುದು ಉಳಿದ ಪ್ರಶ್ನೆ. ಅಮೆರಿಕದಲ್ಲಿ 2013ರ ತಿದ್ದುಪಡಿಯಾದಂದಿನಿಂದ ಮೂಲನಿವಾಸಿಗಳ ಸರ್ಕಾರಗಳು ತಮ್ಮ ರಾಜ್ಯದ ಮುಖ ನೋಡದೆ ನೇರವಾಗಿ ರಾಷ್ಟ್ರಾಧ್ಯಕ್ಷರನ್ನು ವಿಪತ್ತಿನ ಘೋಷಣೆಗಾಗಿ ಕೇಳಿಕೊಳ್ಳಬಹುದು. ನಮ್ಮಲ್ಲಿ ಆ ಬಗೆಯ ಸರ್ಕಾರಗಳಿಲ್ಲ. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವೂ ಇಲ್ಲ. ಆದರೆ ಅರಣ್ಯಹಕ್ಕಿನ ಶಾಸನದಂತೆ ಗ್ರಾಮಸಭೆಯುಂಟು. ಮುಂಗಾರಿಗೆ ಮೊದಲೇ ಆ ಸಭೆಯ ಹೆಸರಿಗೆ ಒಂದು ಮೊತ್ತವನ್ನಿಟ್ಟು, ಹಗ್ಗ, ಔಷಧ, ಅಕ್ಕಿ, ದೂರವಾಣಿಗಳನ್ನು ಹಾಡಿಯಲ್ಲಿಯೇ ಇರಿಸಿ, ಕಾಡಿನ ಹಳ್ಳಕೊಳ್ಳಗಳನ್ನು ಅಂಗೈಯಂತೆ ಬಲ್ಲ ಅಲ್ಲಿಯ ತರುಣರಿಗೇ ಕಾವಲಿನ ಸಂಬಳವನ್ನು ಕೊಡಬಹುದು. ಕಟ್ಟೆಯ ಬಾಗಿಲು ತೆರೆಯುವ ಮುನ್ನ ನಮ್ಮ ಹೊಳೆದಂಡೆಯವರಿಗೆ ಎಚ್ಚರಿಕೆ ಕೊಡುವುದನ್ನು ಸರ್ಕಾರವು ಕರ್ತವ್ಯವೆಂದು ನಡೆಸಿಕೊಂಡು ಬಂದಿದೆ. ಮಳೆ ಬೀಳುವ ಕಡೆಯಲ್ಲಿಯೂ ಆ ಎಚ್ಚರಿಕೆಯ ಖರ್ಚನ್ನು ಅದೇ ಬೊಕ್ಕಸವು ಕೊಡತಕ್ಕದ್ದು.