ಆಶ್ರಿತ ಪ್ರಾಣಿಯ ಅಂತ್ಯಕಾಲ

ಮನೆಯಲ್ಲಿ ಸಾಕಿದ ಪ್ರಾಣಿಗೆ ವಾಸಿಯಾಗದ ವ್ಯಾಧಿ ತಗುಲಿದಾಗ ಗೃಹಸ್ಥನ ಕರ್ತವ್ಯವೇನು? ಅದರ ಯಾತನೆಯನ್ನು ನೋಡುತ್ತ ಕೊನೆಯುಸಿರಿನವರೆಗೆ ಕಾಯುವುದೇ? ವೈದ್ಯರ ಸೂಜಿಯಿಂದ ಅದನ್ನು ಕೊನೆಗಾಣಿಸುವುದೇ? ಯಜ್ಞದಲ್ಲಿಯೂ ಜೀವಂತ ಪಶುವಿನ ಸ್ಥಾನದಲ್ಲಿ ಪಿಷ್ಟಪಶುವನ್ನು ವಿಧಿಸಿದ ಶ್ರೀಮದಾಚಾರ್ಯರ ಅನುಯಾಯಿಗಳಾದ ನಮಗೆ ಈ ಪ್ರಶ್ನೆ ಹಗುರವಾದುದಲ್ಲ.

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದಿತು. 13 ವರ್ಷ ಹಿತ್ತಿಲು ಕಾಯ್ದ ನಾಯಿಯ ಮೂತ್ರಪಿಂಡಗಳೆರಡೂ ಕೆಟ್ಟವು. ಮಲಗಿದಲ್ಲಿಯೇ ಜಗಲಿ ಹೊಲಸಾಗತೊಡಗಿತು. ಶ್ರೀಕೃಷ್ಣಜಯಂತಿಗೆ 10 ದಿನಗಳಷ್ಟೇ ಉಳಿದಿದ್ದವು. ಮಡಿ, ನೈವೇದ್ಯ, ಬರಲಿರುವ ನೆಂಟರು ಎಲ್ಲವೂ ಕಣ್ಣ ಮುಂದೆ ನಿಂತವು. “ಪಾಪ, ಬಹಳ ನರಳುತ್ತಿದೆ. ಹಬ್ಬಕ್ಕೆ ಮೊದಲೇ ಸೂಜಿ ಹಾಕಿಸಿಬಿಡೋಣ” ಎಂದೆವು. “ನರಳುತ್ತಿರುವುದು ಅದೋ, ನೀವೋ?” ಎಂದು ತಾಯಿಯವರು ಕೇಳಿದರು. ‘ಹಬ್ಬಕ್ಕೆ ಮೊದಲೇ’ ಎಂಬ ನಮ್ಮ ಮಾತೇ ನಮ್ಮ ಅಂತರಂಗವನ್ನು ಬಯಲಿಗೆಳೆದಿತ್ತು.

1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಮಗ್ಗುಲು ಹೊರಳಲೂ ಆಗದೆ ನರಳುತ್ತಿತ್ತು. ವೈದ್ಯರು ಕೈಚೆಲ್ಲಿದರು. ಪ್ರಾಣ ಕೊಡಲಾರದವನಿಗೆ ಅದನ್ನು ತೆಗೆಯುವ ಅಧಿಕಾರವೆಲ್ಲಿ ಎಂಬ ಆಕ್ಷೇಪ ಆಶ್ರಮದೊಳಗೇ ಹುಟ್ಟಿತು. ಗಾಂಧೀಜಿಯವರು ಎಲ್ಲರೊಡನೆ ವಿಚಾರಮಾಡಿ, ಕಡೆಗೆ ಚುಚ್ಚುಮದ್ದಿನಿಂದ ಅದರ ಬಾಳನ್ನು ಮುಗಿಸಲು ಒಪ್ಪಿದರು. ಅದನ್ನು ಮುಚ್ಚಿಡದೆ ತಮ್ಮ ಪತ್ರಿಕೆಗಳಲ್ಲಿಯೇ ಬರೆದರು. ರೋಷದ ಪತ್ರಗಳು ಬಂದವು. ಕ್ರೋಧದಿಂದಲೋ ಸ್ವಾರ್ಥದಿಂದಲೋ ಮಾಡಿದ ವಧೆ ಹಿಂಸೆ. ಬೇರಾವ ಉಪಶಮನವೂ ಇಲ್ಲದಾಗ ಪ್ರಾಣಿಯ ಯಾತನೆಯೊಂದನ್ನೇ ನೋಡಿ ಮಾಡಿದ್ದು ಹಾಗಲ್ಲವೆಂಬುದು ಅವರ ನಿಲುವು. ಅದನ್ನು ಒಪ್ಪದವರೂ ಆ ಒರೆಗಲ್ಲನ್ನು ಬಳಸಬಹುದು. ಅದರ ಮೇಲೆ ನಮ್ಮ ಮಾತು ನಿಲ್ಲಲಿಲ್ಲ.

ಹಾಗಾದರೆ ನಮ್ಮ ಆಯಾಸವನ್ನು ಬದಿಗಿರಿಸಿ ಪ್ರಾಣಿಯ ಸ್ಥಿತಿಯನ್ನು ಅಳೆಯುವುದು ಹೇಗೆ? ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೋಬೋಸ್ 2004ರಲ್ಲಿ ಒಂದು ಕ್ರಮವನ್ನು ಮುಂದಿಟ್ಟರು. ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಚಲನೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ಅಂಶಗಳಿಗೆ 10ರಂತೆ ಅಂಕಗಳು. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಶುಶ್ರೂಷೆಯನ್ನು ಮುಂದುವರಿಸಬಹುದು. ಇವುಗಳಲ್ಲಿ ಶುಚಿತ್ವವು ಪ್ರಾಣಿಯ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ ಎಂಬುದನ್ನು ಗಮನಿಸಬೇಕು.

ನಾಯಿಗೆ ಕೊಟ್ಟಿಗೆಯಲ್ಲಿ ಒಣಹುಲ್ಲಿನ ಹಾಸಿಗೆಯಾಯಿತು. ವೈದ್ಯರು ತೋರಿಸಿಕೊಟ್ಟಂತೆ ಚರ್ಮದಡಿಗೆ ಸಲೈನ್ ಕೊಟ್ಟೆವು. ಪಂಚಾಂಗದ ಅಂಚಿನಲ್ಲಿ ಒಳ್ಳೆಯ ದಿನ, ಕೆಟ್ಟ ದಿನಗಳನ್ನು ಗುರುತುಹಾಕಿದೆವು. ಜಯಂತಿಯ ಮಧ್ಯರಾತ್ರಿ ಅರ್ಘ್ಯಪ್ರದಾನ ಮುಗಿಸಿ ಹಿತ್ತಿಲಿಗೆ ಹೋದಾಗ ಅದು ನಮ್ಮನ್ನು ಗುರುತಿಸಿ ಬಾಲವಾಡಿಸಿತು. ನಾವು ಅವಸರಪಟ್ಟಿದ್ದರೆ ಆ ದಿನಗಳು ಅದಕ್ಕೆ ಇಲ್ಲವಾಗುತ್ತಿದ್ದವು. ಮುಂದೆ ಸತತವಾಗಿ ಐದು ಕೆಟ್ಟ ದಿನಗಳು ಬಂದವು. ನೀರನ್ನೂ ಬಿಟ್ಟಿತು, ನೋವಿನ ಔಷಧ ನಾಟಲಿಲ್ಲ. ಆಗ ವೈದ್ಯರನ್ನು ಮನೆಗೇ ಕರೆಸಿದೆವು. ಮೊದಲು ನಿದ್ರೆ ಬರಿಸಿ, ಅನಂತರ ಕೊನೆಯ ಸೂಜಿ ಕೊಟ್ಟರು. ತಾಯಿಯವರು ಹರಿನಾಮವನ್ನು ಹೇಳುತ್ತ ಅದರ ತಲೆ ಸವರಿದರು. ಆದರೂ ನಮ್ಮ ನಿರ್ಣಯವನ್ನು ಅವರು ಇಂದಿಗೂ ಪೂರ್ಣವಾಗಿ ಒಪ್ಪಿಲ್ಲ.

ಇಂತಹ ಸಂದರ್ಭದಲ್ಲಿ ‘ಮುಕ್ತಿ ಕೊಡಿಸಿದೆವು’ ಎನ್ನುವುದು ವಾಡಿಕೆ. ನಾವು ಹಾಗೆನ್ನಲಾರೆವು. ಮುಕ್ತಿಯನ್ನು ಕೊಡುವವನು ಶ್ರೀಹರಿಯೊಬ್ಬನೇ. ಅಸ್ವತಂತ್ರರಾದ ನಾವು ಒಂದು ದೇಹದ ನೋವನ್ನು ನಿಲ್ಲಿಸಿದೆವು, ಅಷ್ಟೆ. ಅದರಲ್ಲಿ ದೋಷವಿದ್ದರೆ ಅದೂ ನಮ್ಮದೇ.

ಜೊತೆಗೆ ಬಂದ ನಾಯಿಯನ್ನು ತೊರೆದು ಸ್ವರ್ಗಕ್ಕೇರಲು ಧರ್ಮರಾಜನು ಒಪ್ಪಲಿಲ್ಲ. ಆಶ್ರಿತತ್ಯಾಗವನ್ನು ಅವನು ಮಹಾಪಾತಕಗಳಿಗೆ ಸಮವೆಂದು ಬಗೆದನು. ರೋಗಿಷ್ಠ ಪ್ರಾಣಿಯನ್ನು ಬೀದಿಗೆ ಬಿಡುವುದು ಆಶ್ರಿತತ್ಯಾಗ; ನಮ್ಮ ಸೌಕರ್ಯಕ್ಕಾಗಿ ಸೂಜಿ ಹಾಕಿಸುವುದೂ ಅದೇ; ಕೈಕಟ್ಟಿ ಕುಳಿತು ನರಳಲು ಬಿಡುವುದೂ ಅದೇ. ನಿರ್ಣಯ ಯಾವುದೇ ಆಗಲಿ, ಸೇವೆ ಅದಕ್ಕಿಂತ ಮೊದಲು ಬರಬೇಕು. ಸೇವೆ ಮಾಡದವನಿಗೆ ಆ ನಿರ್ಣಯದ ಅಧಿಕಾರವಿಲ್ಲ.

ಶ್ರೀಕೃಷ್ಣಾರ್ಪಣಮಸ್ತು.