ಕಂಡ ಮೇಲೆ

ದಿನವೊಂದರಲ್ಲಿ ನಮ್ಮ ದೃಷ್ಟಿ ಎಷ್ಟೋ ವಸ್ತುಗಳ ಮೇಲೆ ಹಾಯ್ದುಹೋಗುತ್ತದೆ. ಅವುಗಳಲ್ಲಿ ನಮ್ಮನ್ನು ತಡೆದು ನಿಲ್ಲಿಸುವಂಥವು ಎಷ್ಟು? ಹಾಗೆ ಒಂದನ್ನು ನಿಜವಾಗಿ ಕಂಡೆವೆನ್ನಿ. ಕಂಡ ಮೇಲೆ ಅದಕ್ಕೆ ನಾವು ಹೊಣೆಯಾಗುತ್ತೇವೆಯೇ? ನೀತಿಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತಾ ಬಂದಿರುವ ಈ ಪ್ರಶ್ನೆಯನ್ನು ಇಂದು ಒಬ್ಬ ಮಹಿಳೆಯ ಬದುಕಿನಲ್ಲಿಟ್ಟು ನೋಡೋಣ.

ಆಕೆಯ ಹೆಸರು ಲಿಂಡಾ ಮೆಕಾರ್ಟ್ನಿ. 1941ರಲ್ಲಿ ನ್ಯೂಯಾರ್ಕ್‌ನಲ್ಲಿ, ಸಿರಿವಂತ ವಕೀಲರೊಬ್ಬರ ಮಗಳಾಗಿ ಹುಟ್ಟಿದರು. ತವರಿನ ಹೆಸರು ಈಸ್ಟ್‌ಮನ್ ಆದ್ದರಿಂದ ಕ್ಯಾಮೆರಾ ತಯಾರಿಸುವ ಕೊಡಾಕ್ ಮನೆತನದವರೆಂಬ ಸುದ್ದಿ ಹಬ್ಬಿತ್ತು. ಅದು ಶುದ್ಧ ಸುಳ್ಳು. 1962ರಲ್ಲಿ ತಾಯಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮುಂದೆ ಲಿಂಡಾ ಒಂದು ಪತ್ರಿಕೆಯ ಕಚೇರಿಯಲ್ಲಿ ಸ್ವಾಗತಕಾರಿಣಿಯಾಗಿ ಸೇರಿದರು. 1966ರಲ್ಲಿ 'ರೋಲಿಂಗ್ ಸ್ಟೋನ್ಸ್' ಸಂಗೀತ ತಂಡ ಹಡ್ಸನ್ ನದಿಯ ವಿಹಾರನೌಕೆಯೊಂದರಲ್ಲಿ ಪತ್ರಕರ್ತರನ್ನು ಭೇಟಿಯಾಗಲಿತ್ತು. ಕಚೇರಿಗೆ ಬಂದ ಆಹ್ವಾನಪತ್ರವನ್ನು ಲಿಂಡಾ ತಾವೇ ಹಿಡಿದು, ಕ್ಯಾಮೆರಾ ಹೆಗಲಿಗೇರಿಸಿ ನೌಕೆ ಹತ್ತಿದರು. ಅಲ್ಲಿಂದ ಆಕೆಯ ವೃತ್ತಿ ಆರಂಭವಾಯಿತು. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್ ಮೊದಲಾದವರು ಆಕೆಯ ಚಿತ್ರಗಳಲ್ಲಿ ಉಳಿದಿದ್ದಾರೆ. 1968ರ ಮೇ ತಿಂಗಳಲ್ಲಿ ಆಕೆ ತೆಗೆದ ಎರಿಕ್ ಕ್ಲ್ಯಾಪ್ಟನ್ ಅವರ ಚಿತ್ರ 'ರೋಲಿಂಗ್ ಸ್ಟೋನ್' ಪತ್ರಿಕೆಯ ಮುಖಪುಟಕ್ಕೇರಿತು. ಮಹಿಳೆಯೊಬ್ಬಳ ಛಾಯಾಚಿತ್ರ ಆ ಸ್ಥಾನ ಪಡೆದದ್ದು ಅದೇ ಮೊದಲು.

1969ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರನ್ನು ವಿವಾಹವಾದರು. ಮರುವರ್ಷ ಆ ತಂಡ ಒಡೆಯಿತು. 1971ರಲ್ಲಿ ಪಾಲ್ 'ವಿಂಗ್ಸ್' ಎಂಬ ಹೊಸ ತಂಡ ಕಟ್ಟಿದಾಗ, ಸಂಗೀತದಲ್ಲಿ ಕ್ರಮವಾದ ಶಿಕ್ಷಣವಿಲ್ಲದ ಪತ್ನಿಗೆ ಕೀಬೋರ್ಡ್ ಕಲಿಸಿ ವೇದಿಕೆಗೆ ಕರೆತಂದರು. ವಿಮರ್ಶಕರು ಕನಿಕರ ತೋರಲಿಲ್ಲ. ಆಕೆಯ ಹಾಡುಗಾರಿಕೆ ವರ್ಷಗಟ್ಟಲೆ ನಗೆಪಾಟಲಾಯಿತು. ಆಕೆಯ ಧ್ವನಿಯನ್ನಷ್ಟೇ ಬೇರ್ಪಡಿಸಿದ ಧ್ವನಿಮುದ್ರಿಕೆಯೊಂದನ್ನು ಜನ ಕೈಯಿಂದ ಕೈಗೆ ದಾಟಿಸಿ ನಕ್ಕರು. ಪತಿಯೊಂದಿಗೆ ರಚಿಸಿದ 'ಲಿವ್ ಅಂಡ್ ಲೆಟ್ ಡೈ' ಗೀತೆ ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದೂ ಈ ನಗುವನ್ನು ತಡೆಯಲಿಲ್ಲ. ಆದರೂ ಆಕೆ ವೇದಿಕೆಯಿಂದ ಇಳಿಯಲಿಲ್ಲ. ಕ್ಯಾಮೆರಾ ಹಿಡಿದವನಿಗೆ ಒಂದು ಮರೆಯಿದೆ. ಅವನು ಎಲ್ಲರನ್ನೂ ನೋಡುತ್ತಾನೆ, ಅವನನ್ನು ಯಾರೂ ನೋಡರು. ಆ ಮರೆಯನ್ನು ಬಿಟ್ಟು, ಅರೆಗಲಿತ ವಿದ್ಯೆಯೊಂದಿಗೆ ಸಾವಿರಾರು ಜನರ ಕಣ್ಣೆದುರು ನಿಲ್ಲುವುದು ಸುಲಭದ ಮಾತೇ? ಮುಂದೆ ಅಪಹಾಸ್ಯಕ್ಕೆ ಅಂಜದೆ ಒಂದು ನಿಲುವನ್ನು ಹಿಡಿದು ನಿಲ್ಲುವ ಶಕ್ತಿ ಆಕೆಗೆ ಇಲ್ಲಿಯೇ ದೊರೆತಿರಬೇಕೆಂದು ನನ್ನ ಎಣಿಕೆ.

ಆ ನಿಲುವು ಹುಟ್ಟಿದ್ದು ಸ್ಕಾಟ್ಲೆಂಡಿನ ಕಿಂಟೈರ್ ಎಂಬಲ್ಲಿದ್ದ ಅವರ ತೋಟದ ಮನೆಯಲ್ಲಿ, 1970ರ ದಶಕದ ಒಂದು ಭಾನುವಾರದ ಊಟದ ಹೊತ್ತಿನಲ್ಲಿ. ಕಿಟಕಿಯಾಚೆ ಕುರಿಮರಿಗಳು ಕುಣಿದಾಡುತ್ತಿದ್ದವು. ತಟ್ಟೆಯಲ್ಲಿದ್ದುದು ಕುರಿಮರಿಯ ಮಾಂಸ. ದಂಪತಿಗಳು ಹೊರಗೆ ನೋಡಿದರು, ತಟ್ಟೆ ನೋಡಿದರು. ಮಾಂಸಾಹಾರ ಅಲ್ಲಿಗೆ ನಿಂತಿತು.

ಇಷ್ಟೇ ಘಟನೆ. ಇದರಲ್ಲಿ ತತ್ತ್ವಶಾಸ್ತ್ರವೆಲ್ಲಿದೆ ಎಂದು ನೀವು ಕೇಳಬಹುದು. ಪ್ರಾಣಿಹಿಂಸೆ ರೂಢಿಯಾದವನು ಮನುಷ್ಯರ ಮೇಲೂ ಕ್ರೂರನಾದಾನು ಎಂಬ ಕಾರಣಕ್ಕಾಗಿ ಸಂತ ತೋಮಸ್ ಅಕ್ವಿನಾಸರು ಅದನ್ನು ತಪ್ಪೆಂದರು. 1789ರಲ್ಲಿ ಜೆರೆಮಿ ಬೆಂಥಮ್, ಪ್ರಾಣಿಗೆ ಬುದ್ಧಿಯಿದೆಯೇ ಎಂದು ಕೇಳುವುದಕ್ಕಿಂತ ನೋವಿದೆಯೇ ಎಂದು ಕೇಳುವುದು ಮುಖ್ಯ ಎಂದ. ಎರಡೂ ಗೌರವಾರ್ಹ ವಾದಗಳೇ. ಆದರೆ ಬಹುಮಂದಿ ಇವನ್ನು ಓದಿ, ಒಪ್ಪಿ, ಊಟಕ್ಕೆ ಏಳುತ್ತಾರೆ. ಲಿಂಡಾ ಅವರಿಗೆ ಬೇಕಾಗಿದ್ದುದು ಹೊಸ ವಾದವಲ್ಲ. ಮರಿ ಮತ್ತು ಮಾಂಸ ಎಂಬ ಎರಡು ಪದಗಳ ನಡುವೆ ನಾವೆಲ್ಲ ಕಟ್ಟಿಕೊಂಡಿರುವ ಗೋಡೆ ಒಂದು ಗಳಿಗೆ ಬಿದ್ದುಹೋದರೆ ಸಾಕಾಗಿತ್ತು.

ನಮ್ಮ ನಾಡಿನಲ್ಲಿ ಸಸ್ಯಾಹಾರವೆಂದೊಡನೆ ಜಾತಿ, ಮಡಿ, ಕುಲಾಚಾರಗಳು ನೆನಪಾಗುತ್ತವೆ. ತಟ್ಟೆಯನ್ನು ನೋಡಿ ಮನುಷ್ಯನ ಮೇಲು-ಕೀಳನ್ನು ಅಳೆಯುವ ಕೆಟ್ಟ ರೂಢಿಯೂ ಇದೆ. ಲಿಂಡಾ ಅವರ ಸಸ್ಯಾಹಾರಕ್ಕೆ ಆ ಸೋಂಕಿಲ್ಲ. ಮಾಂಸ ತಿನ್ನುವುದು ಪಾಪವೆಂದು ನಾನೂ ಹೇಳಲಾರೆ. ನಮ್ಮ ಕರಾವಳಿಯ ಬಡವನ ಗಂಜಿಯ ಬಟ್ಟಲಿನಿಂದ ಮೀನನ್ನು ಕಸಿಯುವ ನೀತಿ ನನಗೆ ಬೇಡ.

ಆಕೆ ಆಯ್ದುಕೊಂಡ ದಾರಿಯೂ ಕುತೂಹಲಕರ. 1989ರಲ್ಲಿ ಪೀಟರ್ ಕಾಕ್ಸ್ ಅವರೊಡನೆ ಮನೆಯಡುಗೆಯ ಪುಸ್ತಕ ಬರೆದರು. 1991ರಲ್ಲಿ ತಮ್ಮ ಹೆಸರಿನಲ್ಲೇ ಸಿದ್ಧ ಸಸ್ಯಾಹಾರವನ್ನು ಬ್ರಿಟನ್ನಿನ ಅಂಗಡಿಗಳಿಗೆ ತಂದರು. ಅದರಲ್ಲಿ ಸಾಸೇಜ್ ಇತ್ತು, ಬರ್ಗರ್ ಇತ್ತು. ಎಲ್ಲವೂ ಮಾಂಸದ ಆಕಾರದವೇ, ಒಳಗೆ ಮಾತ್ರ ಸೋಯಾ. ಮಾಂಸವನ್ನು ಬಿಟ್ಟವರು ಮಾಂಸದ ವೇಷವನ್ನೇಕೆ ಉಳಿಸಿಕೊಳ್ಳಬೇಕು, ಇದು ಕಪಟವಲ್ಲವೇ ಎಂದು ಕೆಲವರು ಹಂಗಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಲ್ಯದ ರುಚಿ, ಮನೆಮಂದಿಯೆಲ್ಲ ಕುಳಿತುಣ್ಣುವ ಭಾನುವಾರದ ಊಟ, ಇವನ್ನು ಮನುಷ್ಯನಿಂದ ಕಿತ್ತುಕೊಳ್ಳದೆ ಕೊಲ್ಲುವಿಕೆಯನ್ನಷ್ಟೇ ಅಲ್ಲಿಂದ ತೆಗೆಯಲು ಆಕೆ ಯತ್ನಿಸಿದರು. ಬೈದು ತಿದ್ದುವುದಕ್ಕಿಂತ ಬಡಿಸಿ ತಿದ್ದುವುದು ಮೇಲೆಂಬುದನ್ನು ನಮ್ಮ ತಾಯಂದಿರು ಬಲ್ಲರು.

1995ರಲ್ಲಿ ಆಕೆಗೆ ಸ್ತನದ ಕ್ಯಾನ್ಸರ್ ಇರುವುದು ತಿಳಿಯಿತು. ಇಲ್ಲಿ ಪ್ರಶ್ನೆ ತನ್ನ ಅತ್ಯಂತ ಕಠಿಣ ರೂಪದಲ್ಲಿ ಎದುರಾಗುತ್ತದೆ. ಕ್ಯಾನ್ಸರ್ ಔಷಧಗಳು ರೋಗಿಯನ್ನು ತಲುಪುವ ಮೊದಲು ಪ್ರಾಣಿಗಳ ಮೇಲೆ ಪ್ರಯೋಗಕ್ಕೊಳಗಾಗಬೇಕಿತ್ತು. ಪ್ರಾಣಿಗಳಿಗಾಗಿ ಹೋರಾಡಿದ ಮಹಿಳೆ ಅಂಥ ಔಷಧವನ್ನು ಸ್ವೀಕರಿಸಬಹುದೇ? ಪೂರ್ಣ ಶುದ್ಧಿಯನ್ನು ಬೇಡುವ ನೀತಿ ಇಲ್ಲಿ 'ಬೇಡ' ಎನ್ನುತ್ತದೆ. ಆದರೆ ನಾಲ್ಕು ಮಕ್ಕಳ ತಾಯಿಯ ಹಾಸಿಗೆಯ ಬಳಿ ನಿಂತು ಆ ಮಾತನ್ನು ಹೇಳುವ ಧೈರ್ಯ ಯಾರಿಗಿದೆ? ಆಕೆ ಚಿಕಿತ್ಸೆ ಪಡೆದರು. ಹಾಗೆ ಪಡೆದದ್ದರಿಂದ ಕಿಂಟೈರಿನ ಆ ಮಧ್ಯಾಹ್ನ ಕಂಡದ್ದು ಸುಳ್ಳಾಗುವುದಿಲ್ಲವೆಂದೇ ನನ್ನ ತಿಳಿವಳಿಕೆ.

1998ರ ಏಪ್ರಿಲ್ 17ರಂದು ಅರಿಜೋನಾದಲ್ಲಿ ತಮ್ಮ 56ನೆಯ ವಯಸ್ಸಿನಲ್ಲಿ ನಿಧನರಾದರು. ಎರಡು ದಿನ ಮುಂಚೆ ಪತಿಯೊಡನೆ ಕುದುರೆ ಸವಾರಿ ಮಾಡಿದ್ದರು. ಆಕೆಯ ನೆನಪಿಗೆ ಏನಾದರೂ ಕೊಡಬಯಸುವವರಲ್ಲಿ ಪಾಲ್ ಒಂದು ವಿನಂತಿ ಮಾಡಿದರು: ಪ್ರಾಣಿಗಳ ಮೇಲೆ ಪ್ರಯೋಗ ನಡೆಸದ ಕ್ಯಾನ್ಸರ್ ಸಂಶೋಧನೆಗೆ ನೆರವಾಗಿ, ಇಲ್ಲವೇ, ಸಸ್ಯಾಹಾರಿಗಳಾಗಿ.