ಬಿಸಿ ಡ್ರಮ್ಮು, ಚಾರ್ವಾಕನ ತಕರಾರು

ಚಾರ್ವಾಕರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಚಾರ್ಮಾಡಿ ಘಾಟಿ ಇಳಿದ ನಮ್ಮ ಹಳೇ ಮಹೀಂದ್ರ ಜೀಪಿನ ಎಡ ಮುಂಚಕ್ರ ಕೈ ಸುಡುತ್ತದೆ: ಅದು ಪ್ರತ್ಯಕ್ಷ. ಪೆಡಲ್ ಬಿಟ್ಟರೂ ಬ್ರೇಕ್ ಬಿಡದಿರುವುದೇಕೆ?

ನಾನು ಅನುಮಾನವನ್ನೂ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದನ್ನೂ, ಪ್ರಮಾಣವೆನ್ನುವ ನೈಯಾಯಿಕರ ಕಡೆ. ಜಾಕ್ ಕೊಟ್ಟು ಬ್ಲೀಡರ್ ನಿಪ್ಪಲ್ ಸಡಿಲಿಸಿದೆ. ಆಗಲೂ ಚಕ್ರ ತಿರುಗದಿದ್ದರೆ ವೀಲ್ ಸಿಲಿಂಡರಿನ ಪಿಸ್ಟನ್ ತುಕ್ಕು ಹಿಡಿದಿರಬೇಕು, ಇಲ್ಲವೇ ರಿಟರ್ನ್ ಸ್ಪ್ರಿಂಗ್ ಸೋತಿರಬೇಕು. (ಬ್ರೇಕ್ ಆಯಿಲ್ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೆ!) ಆಯಿಲ್ ಚಿಮ್ಮಿತು, ಚಕ್ರ ತಿರುಗಿತು. ಅಂದರೆ ಒತ್ತಡ ಸಿಕ್ಕಿಕೊಂಡಿತ್ತು. ಹಿಡಿದದ್ದು ಒಂದೇ ಚಕ್ರ, ಹಾಗಾಗಿ ಮಾಸ್ಟರ್ ಸಿಲಿಂಡರ್ ಮೇಲೆ ಸಂಶಯವಿಲ್ಲ; ಒಳಗೇ ಊದಿಕೊಂಡ ರಬ್ಬರ್ ಹೋಸೇ ಕಳ್ಳ.

"ಕೊಯ್ದು ತೋರಿಸು" ಅನ್ನುತ್ತಾನೆ ಚಾರ್ವಾಕ. ತೋರಿಸಬಹುದು. ಅವನ ಅಸಲಿ ತಕರಾರು ವ್ಯಾಪ್ತಿಯದು: ಇಲ್ಲಿ ಹೀಗಾದರೆ ಎಲ್ಲೆಡೆ, ಎಂದೆಂದೂ ಹೀಗೇ ಎಂದು ಯಾರು ಕಂಡಿದ್ದಾರೆ? ಯಾರೂ ಇಲ್ಲ. ಹೊಸ ಹೋಸ್ ಹಾಕಿ ಘಟ್ಟ ಹತ್ತಿದೆ.